ಅಪ್ಪನದೋ ಅಮ್ಮನದೋ ಹಳೆಯ ಇಂಕ್ ಪೆನ್ ಮುರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿರಿಯರಿಂದ ಬಂದ ಫೌಂಟನ್ ಪೆನ್ ಬರೆಯದಿದ್ದರೆ, ಸೋರಿದರೆ ಅಥವಾ ಬಿರುಕು ಬಿಟ್ಟರೆ ಅಂಥದ್ದೇ ಇನ್ನೊಂದನ್ನು ಹುಡುಕಲು ಹೊರಡುವವರು ಬಹಳ. ಸ್ವಲ್ಪ ತಡೆಯಿರಿ. ಇಂಥ ಪೆನ್ನುಗಳಲ್ಲಿ ಹೆಚ್ಚಾಗಿ ಕೆಟ್ಟಿರುವುದು ಒಂದೇ ಒಂದು ಭಾಗ, ಅದೂ ಮೊದಲಿನಿಂದಲೂ ಬದಲಿಸಲೆಂದೇ ಮಾಡಿದ ಭಾಗ. ಮುಂದಿನ ಉತ್ತರಗಳು ಆ ಕ್ರಮದಲ್ಲೇ ಇವೆ: ಮೊದಲು ಭಾಗ, ಆಮೇಲೆ ಅದೇ ಮಾದರಿಯ ಇನ್ನೊಂದು ಪೆನ್, ಕೊನೆಗೆ ಹೊಸ ಪೆನ್.

ಪೆನ್ ಪೂರ್ತಿ ಹೋಗಿದೆಯೋ, ಒಂದು ಭಾಗ ಮಾತ್ರ ಹೋಗಿದೆಯೋ ಹೇಗೆ ತಿಳಿಯುವುದು?

ಶಾಯಿ ತುಂಬಿಸಲು ಹೋಗಬೇಡಿ. ಪೆನ್ನಿನ ಬದಿಯಲ್ಲಿರುವ ಶಾಯಿ ಹೀರಿಸುವ ಸನ್ನೆ, ಅಂದರೆ ಲಿವರ್ ಎತ್ತಬೇಡಿ, ಹಿಂದಿನ ತಿರುಗಣೆ ತಿರುಗಿಸಬೇಡಿ. ನಿಬ್ಬನ್ನು ಮಾತ್ರ ತಣ್ಣೀರಲ್ಲಿ ತೊಳೆದು, ಒರೆಸಿ, ಶಾಯಿಯಲ್ಲಿ ಅದ್ದಿ ನಾಲ್ಕು ಸಾಲು ಬರೆಯಿರಿ. ಗೆರೆ ಸರಾಗವಾಗಿ ಬಂದರೆ ನಿಬ್ಬು ಚೆನ್ನಾಗಿದೆ, ತೊಂದರೆ ಇರುವುದು ಶಾಯಿ ತುಂಬುವ ವ್ಯವಸ್ಥೆಯಲ್ಲಿ. ಅದು ಬಹುತೇಕ ರಿಪೇರಿ ಆಗುವಂಥದ್ದು. ಗೆರೆ ತುಂಡಾದರೆ, ಕಾಗದ ಹರಿದರೆ, ಭೂತಗನ್ನಡಿಯಲ್ಲಿ ನಿಬ್ಬಿನ ತುದಿ ನೋಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಸಾಕು. ಎರಡು ಸೀಳುಗಳ ತುದಿಯಲ್ಲೂ ಬೆಳ್ಳಗೆ ಮಿನುಗುವ ಪುಟ್ಟ ಗುಂಡು ಇರಬೇಕು. ಒಂದು ಕಡೆ ಅದು ಉದುರಿದ್ದರೆ ಎಷ್ಟು ಉಜ್ಜಿದರೂ ಆ ನಿಬ್ಬು ಬರೆಯುವುದಿಲ್ಲ.

ನಂತರ ಮುಚ್ಚಳದ ಅಂಚು, ಹಿಡಿಯುವ ಭಾಗ, ಪೆನ್ನಿನ ಉದ್ದನೆಯ ಮೈಯಾದ ಬ್ಯಾರೆಲ್‌ನ ಥ್ರೆಡ್ (ತಿರುಗಿಸಿ ಕೂಡಿಸುವ ಸುರುಳಿಗೆರೆ), ಈ ಮೂರು ಕಡೆ ಕೂದಲೆಳೆಯ ಬಿರುಕು ಹುಡುಕಿ. ದೀಪದ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಕಾಣುತ್ತದೆ.

ಮಾದರಿ ಯಾವುದೆಂದು ಗೊತ್ತಿಲ್ಲ. ಅದು ಮುಖ್ಯವೇ?

ಬಹಳ ಮುಖ್ಯ. ಬಿಡಿಭಾಗ ಹುಡುಕಲೂ ಬೇಕು, ಹೇಗೆ ಬಿಚ್ಚುವುದೆಂದು ತಿಳಿಯಲೂ ಬೇಕು. ಬ್ಯಾರೆಲ್ ಮೇಲಿನ ಅಕ್ಷರ ಸವೆದಿದ್ದರೆ ದೀಪವನ್ನು ಒಂದು ಬದಿಯಿಂದ ಓರೆಯಾಗಿ ಬಿಡಿ, ನೆರಳಿನಲ್ಲಿ ಓದಲು ಬರುತ್ತದೆ. ಕ್ಲಿಪ್, ಮುಚ್ಚಳದ ಬಳೆ, ನಿಬ್ಬು ಈ ಮೂರರ ಮೇಲಿರುವುದನ್ನೂ ಬರೆದುಕೊಳ್ಳಿ. ನಿಬ್ಬಿನ ಮೇಲೆ 585 ಅಥವಾ 14ಕೆ ಎಂದಿದ್ದರೆ ಹದಿನಾಲ್ಕು ಕ್ಯಾರಟ್ ಚಿನ್ನ, 750 ಎಂದಿದ್ದರೆ ಹದಿನೆಂಟು ಕ್ಯಾರಟ್. ಕಂಪನಿಯ ಹೆಸರಿಲ್ಲದೆ ಬರೀ 'ವಾರಂಟೆಡ್ 14ಕೆ' ಎಂದಿದ್ದರೆ, ದೊಡ್ಡ ಕಂಪನಿಯ ಪೆನ್ನಾಗಿದ್ದಲ್ಲಿ, ಯಾರೋ ಹಿಂದೆಯೇ ನಿಬ್ಬು ಬದಲಿಸಿರುವ ಸಾಧ್ಯತೆ ಹೆಚ್ಚು. 'ಇರಿಡಿಯಂ ಪಾಯಿಂಟ್' ಎಂಬುದು ತುದಿಯ ಗುಂಡಿನ ಮಾತು. ನಿಬ್ಬು ಚಿನ್ನದ್ದು ಎಂದು ಅದರಿಂದ ಹೇಳಲಾಗುವುದಿಲ್ಲ.

ಹೆಚ್ಚು ಗೊಂದಲವಾಗುವುದು ಪಾರ್ಕರ್ 51ರ ವಿಷಯದಲ್ಲಿ. 1941ರಲ್ಲಿ ಬಂದ ಈ ಪೆನ್ನಿನ ನಿಬ್ಬು ಚುಂಚು ಮಾತ್ರ ಹೊರಗೆ ಕಾಣುವಂತೆ ಮುಸುಕಿನೊಳಗಿರುತ್ತದೆ. ಅದೇ ರೂಪದಲ್ಲಿ ಪಾರ್ಕರ್ 21 ಬಂತು, ಬೇರೆ ಕಂಪನಿಗಳ ಎಷ್ಟೋ ಪೆನ್ನುಗಳೂ ಬಂದವು. ನೋಡಲು ಒಂದೇ ಥರ ಇದ್ದರೂ ಭಾಗಗಳು ಒಂದಕ್ಕೊಂದು ಕೂರುವುದಿಲ್ಲ. 51ರಲ್ಲೇ 'ಡೆಮಿ' ಎಂಬ ಚಿಕ್ಕ ಅಳತೆಯದು ಇದೆ, ಅದರ ಮುಚ್ಚಳ ದೊಡ್ಡದಕ್ಕೆ ಆಗುವುದಿಲ್ಲ.

ಮೈ ಯಾವುದರಿಂದ ಮಾಡಿದ್ದು ಎಂದು ಏಕೆ ನೋಡಬೇಕು?

ಒಂದಕ್ಕೆ ಆಗುವ ನೀರು ಇನ್ನೊಂದಕ್ಕೆ ಆಗುವುದಿಲ್ಲ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಬಿಸಿಲು ಕಂಡ ಎಬೊನೈಟ್ ನೀರಲ್ಲಿ ನೆನೆದರೆ ಕಪ್ಪು ಹೋಗಿ ಮಾಸಲು ಕಂದು ಆಗುತ್ತದೆ, ಹಾಗಾಗಿ ನಿಬ್ಬಿನ ಭಾಗ ಮಾತ್ರ ಮುಳುಗಲಿ. ಸೆಲ್ಯುಲಾಯ್ಡ್ ಉಜ್ಜಿದರೆ ಕರ್ಪೂರದ ವಾಸನೆ. ಅದು ಬೇಗ ಬೆಂಕಿ ಹತ್ತುವ ವಸ್ತು, ದೀಪದ ಜ್ವಾಲೆಯಾಗಲಿ ಲೈಟರ್ ಆಗಲಿ ಹತ್ತಿರ ಬರಕೂಡದು. ಕೇಸೀನ್ ಹಾಲಿನ ಪ್ರೋಟೀನಿನಿಂದ ಮಾಡಿದ್ದು, ನೀರಲ್ಲಿ ಉಬ್ಬಿ ಸೀಳುತ್ತದೆ, ಅದನ್ನು ನೆನೆಸಲೇಬೇಡಿ. ಪಾರ್ಕರ್ 51ರ ಮೈ ಅಕ್ರಿಲಿಕ್, ಇವುಗಳಲ್ಲೆಲ್ಲ ಗಟ್ಟಿ ಜೀವ. ಸ್ಪಿರಿಟ್, ಅಸಿಟೋನ್, ಥಿನ್ನರ್ ಯಾವ ಪೆನ್ನಿಗೂ ಬೇಡ.

ಒಣಗಿದ ಶಾಯಿ ತೆಗೆಯುವುದು ಹೇಗೆ?

ಕೋಣೆಯ ಬಿಸಿಯಲ್ಲಿರುವ ನೀರು, ತಾಳ್ಮೆ. ಲೋಟದಲ್ಲಿ ಒಂದೂವರೆ ಸೆಂಟಿಮೀಟರ್ ನೀರಿಟ್ಟು ನಿಬ್ಬು ಮುಳುಗಿಸಿ, ನೀರು ಬಣ್ಣವಾದಾಗಲೆಲ್ಲ ಬದಲಿಸಿ. ಒಂದು ರಾತ್ರಿ ಸಾಲದಿದ್ದರೆ ಮೂರು ರಾತ್ರಿ. ಮೊದಲ ನೀರಿನಲ್ಲೇ ಆ ಹಿರಿಯರು ಕೊನೆಗೆ ತುಂಬಿಸಿದ ಶಾಯಿಯ ಬಣ್ಣ ಕಾಣಿಸುತ್ತದೆ, ಬೇಕಿದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ ಒತ್ತಿ ಇಟ್ಟುಕೊಳ್ಳಬಹುದು. ಹಟಮಾರಿ ಕಲೆಗೆ ಹತ್ತು ಪಾಲು ನೀರು, ಒಂದು ಪಾಲು ಮನೆಬಳಕೆಯ ಅಮೋನಿಯಾ, ಒಂದು ಹನಿ ಪಾತ್ರೆ ತೊಳೆಯುವ ಸಾಬೂನು. ಹದಿನೈದು ನಿಮಿಷ ಸಾಕು, ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೇಸೀನ್‌ಗೆ, ಅಲ್ಯುಮಿನಿಯಂ ಅಥವಾ ಹಿತ್ತಾಳೆಯ ಭಾಗಗಳಿಗೆ ಇದು ಬೇಡ. ಅಮೋನಿಯಾ ಜೊತೆ ಬ್ಲೀಚ್ ಬೆರೆಸಿದರೆ ವಿಷದ ಗಾಳಿ ಏಳುತ್ತದೆ.

ಬಿಸಿನೀರು ಏಕೆ ಬೇಡವೆಂದರೆ, ಹಳೆಯ ಎಬೊನೈಟ್ ಬಣ್ಣಗೆಡುತ್ತದೆ, ಸೆಲ್ಯುಲಾಯ್ಡ್ ಸೊಟ್ಟಗಾಗುತ್ತದೆ.

ಲಿವರ್ ಎತ್ತಲು ಬರುತ್ತಿಲ್ಲ. ಒಳಗೇನೋ ಕಟಕಟ ಅನ್ನುತ್ತದೆ.

ಶಾಯಿ ತುಂಬಿಕೊಳ್ಳುವ ಒಳಗಿನ ರಬ್ಬರ್ ಟ್ಯೂಬ್ ಕಲ್ಲಾಗಿದೆ, ಪುಡಿಯಾದ ಚೂರುಗಳು ಸದ್ದು ಮಾಡುತ್ತಿವೆ. ಹಳೆಯ ಪೆನ್ ಬರೆಯದಿರಲು ಇಷ್ಟು ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ. ಲಿವರ್ ಮೇಲೆ ಬಲ ಹಾಕಿದರೆ ಲಿವರ್ ಮುರಿಯುತ್ತದೆ ಇಲ್ಲವೇ ಬ್ಯಾರೆಲ್ ಸೀಳುತ್ತದೆ. ಇಲ್ಲಿಯವರೆಗೆ ಇದ್ದದ್ದು ಸಣ್ಣ ಕೆಲಸ, ಅಲ್ಲಿಂದ ಮುಂದೆ ದೊಡ್ಡ ಕೆಲಸ.

ಟ್ಯೂಬ್ ಬದಲಿಸಲು ಬೇಕಾದದ್ದು: ಸರಿಯಾದ ಅಳತೆಯ ಲೇಟೆಕ್ಸ್ ಟ್ಯೂಬ್, ಶೆಲ್ಯಾಕ್ ಎಂಬ ಅರಗಿನ ದ್ರಾವಣ, ವಾಸನೆಯಿಲ್ಲದ ಟಾಲ್ಕ್ ಪುಡಿ, ಹೇರ್ ಡ್ರೈಯರ್, ಹಿಡಿತಕ್ಕೆ ಸೈಕಲ್ ಟ್ಯೂಬಿನ ಎರಡು ತುಂಡು.

ಮೊದಲು ಹಿಡಿಯುವ ಭಾಗವನ್ನು ಬ್ಯಾರೆಲ್‌ನಿಂದ ಬೇರ್ಪಡಿಸಬೇಕು. ಲಿವರ್ ಪೆನ್ನುಗಳಲ್ಲಿ ಹೆಚ್ಚಿನವು ಬಿಗಿಯಾಗಿ ತೂರಿಸಿದಂಥವು, ಕೆಲವು ಥ್ರೆಡ್ ಇರುವಂಥವು. ನಿಮ್ಮದು ಯಾವುದೆಂದು ಮಾದರಿಯ ಹೆಸರು ಹಿಡಿದು ಮೊದಲೇ ತಿಳಿದುಕೊಳ್ಳಿ. ಡ್ರೈಯರ್‌ನಿಂದ ಕೂಡುವ ಜಾಗಕ್ಕೆ ಮಾತ್ರ ಬಿಸಿಗಾಳಿ ಕೊಡುತ್ತಾ ಪೆನ್ನನ್ನು ತಿರುಗಿಸುತ್ತಲೇ ಇರಿ. ಬೆರಳಿಗೆ 'ಹಿಡಿಯಲು ಸ್ವಲ್ಪ ಕಷ್ಟ' ಅನ್ನಿಸುವ ಬಿಸಿ ಸಾಕು, ಅಂದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್. ಸುಡುವಂತಿದ್ದರೆ ಹೆಚ್ಚಾಯಿತು. ರಬ್ಬರ್ ತುಂಡುಗಳಿಂದ ಹಿಡಿದು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಗಿಸುತ್ತಾ ಎಳೆಯಿರಿ. ಬರದಿದ್ದರೆ ಮತ್ತೆ ಬಿಸಿ, ಮತ್ತೆ ಪ್ರಯತ್ನ. ಹತ್ತು ಸಲವಾದರೂ ಪರವಾಗಿಲ್ಲ, ಬಲ ಹೆಚ್ಚಿಸಬೇಡಿ. ಬರಿಯ ಇಕ್ಕಳವಂತೂ ಬೇಡವೇ ಬೇಡ.

ಬಿಚ್ಚಿದ ಮೇಲೆ ಹಳೆಯ ಟ್ಯೂಬಿನ ಚೂರುಗಳನ್ನೆಲ್ಲ ಕೆರೆದು ತೆಗೆಯಿರಿ. ಲಿವರ್ ಎತ್ತಿದಾಗ ಟ್ಯೂಬನ್ನು ಅದುಮುವ ಒಳಗಿನ ಒತ್ತುಪಟ್ಟಿ ತುಕ್ಕು ಹಿಡಿದಿದೆಯೇ ನೋಡಿ, ತುಕ್ಕು ಹಿಡಿದ ಪಟ್ಟಿ ಹೊಸ ಟ್ಯೂಬನ್ನು ಕೊಯ್ಯುತ್ತದೆ. ಟ್ಯೂಬಿನ ಅಳತೆಯ ಸಂಖ್ಯೆ ಇಂಚಿನ ಅರವತ್ತನಾಲ್ಕನೇ ಭಾಗಗಳಲ್ಲಿ ಇರುತ್ತದೆ: 16ನೇ ಸಂಖ್ಯೆ ಎಂದರೆ ಹೊರಸುತ್ತಿನ ವ್ಯಾಸ ಕಾಲು ಇಂಚು, ಸುಮಾರು 6.35 ಮಿಲಿಮೀಟರ್. ಟ್ಯೂಬ್ ಬ್ಯಾರೆಲ್ ಒಳಗೆ ಸಲೀಸಾಗಿ ಜಾರಬೇಕು, ಒತ್ತುಪಟ್ಟಿಗೂ ಜಾಗ ಬೇಕು. 'ದೊಡ್ಡದಾದರೆ ಹೆಚ್ಚು ಶಾಯಿ' ಎಂದು ಬಿಗಿಯಾದದ್ದು ಹಾಕಿದರೆ ತಿರುಚಿಕೊಂಡು ಅರ್ಧವೂ ತುಂಬುವುದಿಲ್ಲ. ಉದ್ದವನ್ನು ಬ್ಯಾರೆಲ್‌ನ ತಳಕ್ಕೆ ಮೂರು ಮಿಲಿಮೀಟರ್ ಕಡಿಮೆ ಇರುವಂತೆ ಕತ್ತರಿಸಿ.

ಹಿಡಿಯ ಹಿಂದಿನ ಮೊಳೆಯಂಥ ಭಾಗಕ್ಕೆ ಶೆಲ್ಯಾಕ್ ತೆಳ್ಳಗೆ ಸವರಿ ಟ್ಯೂಬ್ ಏರಿಸಿ, ಒಂದು ರಾತ್ರಿ ಬಿಡಿ. ಟಾಲ್ಕ್ ಪುಡಿ ಹಚ್ಚುವುದು ಅಂಟು ಒಣಗಿದ ಮೇಲೆ, ಮೊದಲೇ ಹಚ್ಚಿದರೆ ಅಂಟು ಹಿಡಿಯುವುದಿಲ್ಲ. ಜೋಡಿಸುವ ಮುನ್ನ ಟ್ಯೂಬನ್ನು ಬೆರಳಲ್ಲಿ ಒತ್ತಿ ನಿಬ್ಬನ್ನು ನೀರಿಗಿಟ್ಟು ಬಿಡಿ. ನೀರು ಹೀರಿ, ಕೂಡುವ ಕಡೆ ತೇವ ಕಾಣದಿದ್ದರೆ ಸರಿಯಾಗಿದೆ. ಶೆಲ್ಯಾಕ್ ಬದಲು ಸೂಪರ್ ಗ್ಲೂ ಹಾಕಿದರೆ ಮುಂದಿನ ಸಲ ಟ್ಯೂಬ್ ಬದಲಿಸುವವರು ಆ ಮೊಳೆಯನ್ನೇ ಮುರಿಯಬೇಕಾಗುತ್ತದೆ. ಶೆಲ್ಯಾಕ್ ಬಿಸಿಗೆ ಬಿಡುತ್ತದೆ, ಅದೇ ಅದರ ಗುಣ.

ನನ್ನ ಪೆನ್ನಿನಲ್ಲಿ ಲಿವರ್ ಇಲ್ಲ. ಬೇರೆ ಬಗೆಗಳನ್ನೂ ಮನೆಯಲ್ಲೇ ಮಾಡಬಹುದೇ?

ಬಗೆಯ ಮೇಲೆ ಹೋಗುತ್ತದೆ. ಪಾರ್ಕರ್ 51ರಲ್ಲಿ 1948ರ ಸುಮಾರಿಗೆ ಬಂದ ಏರೋಮೆಟ್ರಿಕ್ ಬಗೆಯಲ್ಲಿ (ಬ್ಯಾರೆಲ್ ತಿರುಗಿಸಿ ತೆಗೆದರೆ ಲೋಹದ ಕವಚ, ಅದರ ಮೇಲೆ ಒತ್ತುವ ಪಟ್ಟಿ) ಪಾರದರ್ಶಕ ಪ್ಲಾಸ್ಟಿಕ್ ಚೀಲವಿದೆ, ಇಂದಿಗೂ ಅದು ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ನೀರು ಎಳೆದು ಬಿಟ್ಟು ಎಳೆದು ಬಿಟ್ಟು ತೊಳೆದರೆ ಬರೆಯತೊಡಗುತ್ತದೆ. ಸಾಕಷ್ಟು ತುಂಬದಿದ್ದರೆ ಒಳಗಿನ ಉಸಿರುಕೊಳವೆ ತೂತು ಬಿದ್ದಿದೆ ಅಥವಾ ಕಟ್ಟಿದೆ.

ಅದಕ್ಕೂ ಹಿಂದಿನ ವ್ಯಾಕ್ಯುಮ್ಯಾಟಿಕ್ ಬಗೆಯಲ್ಲಿ ಬ್ಯಾರೆಲ್‌ನ ಹಿಂದೆ ರಬ್ಬರ್ ಪರದೆಯಿದೆ. ಪರದೆ ದೊಡ್ಡ ವಸ್ತುವೇನಲ್ಲ, ಆದರೆ ಅದನ್ನು ಹಿಡಿದ ಭಾಗ ಬಿಚ್ಚಲು ವಿಶೇಷ ಹಿಡಿಕೆ ಬೇಕು. ಅದಿಲ್ಲದೆ ಹೊರಟರೆ ಥ್ರೆಡ್ ಹೋಗುತ್ತದೆ. 1952ರ ಶೆಫರ್ ಸ್ನಾರ್ಕೆಲ್‌ನಲ್ಲಿ ನಿಬ್ಬಿನ ಕೆಳಗಿಂದ ಸಣ್ಣ ಕೊಳವೆ ಹೊರಬಂದು ಶಾಯಿ ಹೀರುತ್ತದೆ. ಟ್ಯೂಬ್, ಮುಂದಿನ ಸೀಲ್, ಹಿಂದಿನ ಓ-ರಿಂಗ್ ಎಂಬ ರಬ್ಬರ್ ಬಳೆ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಇವೆರಡನ್ನೂ ಬಲ್ಲವರಿಗೆ ಕೊಡಿ.

ಪಿಸ್ಟನ್ ಪೆನ್ನಿನ ತಿರುಗಣೆ ಅಲುಗದಿದ್ದರೆ, ನಿಬ್ಬಿನ ಕಡೆಯಿಂದ ನೀರು ಹನಿಸಿ ಒಂದೆರಡು ದಿನ ಬಿಡಿ. ಬಲವಂತ ಮಾಡಿದರೆ ಪಿಸ್ಟನ್‌ನ ಕೋಲೇ ತುಂಡಾಗುತ್ತದೆ. ಕೆಲವು ಪಿಸ್ಟನ್ ವ್ಯವಸ್ಥೆ ತಿರುಗಿಸಿ ಬಿಚ್ಚುವಂಥದ್ದು, ಕೆಲವು ಬರೀ ಒತ್ತಿ ಕೂರಿಸಿದ್ದು. ಪೆಲಿಕನ್ 400 ಎರಡನೆಯ ಬಗೆ, ತಿರುಗಿಸಿದರೆ ಹಾಳು. ಹಳೆಯ ಕಾರ್ಕ್ ಸೀಲ್ ಒಣಗಿ ಕುಗ್ಗಿರುತ್ತದೆ, ಅಲ್ಲಿ ಹೊಸ ಕಾರ್ಕ್ ಅಥವಾ ಓ-ರಿಂಗ್ ಕೂರಿಸುತ್ತಾರೆ. ಜಾರಲು ಸಿಲಿಕೋನ್ ಗ್ರೀಸ್ ಒಂದು ಕಡ್ಡಿತುದಿಯಷ್ಟು ಸಾಕು. ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ತಿನ್ನುತ್ತದೆ.

ಕೆಳಗೆ ಬಿದ್ದು ನಿಬ್ಬು ಬಾಗಿದೆ. ಬದಲಿಸಲೇಬೇಕೆ?

ತುದಿಯ ಗುಂಡು ಎರಡೂ ಇದ್ದು, ಲೋಹ ಬರೀ ಬಾಗಿದ್ದರೆ ನೆಟ್ಟಗೆ ಮಾಡಬಹುದು. ಒಂದು ಸೀಳು ಮೇಲೆ, ಒಂದು ಕೆಳಗೆ ಎಂಬಷ್ಟು ಸಣ್ಣ ವ್ಯತ್ಯಾಸವಾದರೆ ಉಗುರಿನಿಂದ ಕೆಳಗಿನದನ್ನು ಮೆಲ್ಲಗೆ ಒತ್ತಿ ಸರಿಪಡಿಸಬಹುದು, ಪ್ರತಿ ಸಲ ಲೂಪ್‌ನಲ್ಲಿ ನೋಡುತ್ತಾ. ಮಡಚಿಕೊಂಡಿದ್ದರೆ ನಿಬ್ಬು ಕೆಲಸದವರಿಗೆ ಬಿಡಿ: ಚಿನ್ನ ಎರಡು ಮೂರು ಸಲ ಹಿಂದೆ ಮುಂದೆ ಬಾಗಿದರೆ ಗಡಸಾಗಿ ಬಿರಿಯುತ್ತದೆ. ಗುಂಡು ಉದುರಿದ್ದರೆ ಹೊಸದನ್ನು ಬೆಸೆಯುವವರಿದ್ದಾರೆ. ಸಮಯ ಹಿಡಿಯುವ ಕೆಲಸ, ಬೆಸುಗೆಯ ಬಿಸಿಗೆ ನಿಬ್ಬಿನ ಸ್ಪ್ರಿಂಗು ಸ್ವಲ್ಪ ಬದಲಾಗುವುದೂ ಉಂಟು. ಅದು ಸಾಮಾನ್ಯ ಸ್ಟೀಲ್ ನಿಬ್ಬಾದರೆ ಇಷ್ಟೆಲ್ಲ ಬೇಡ, ಅದೇ ಮಾದರಿಯ ಇನ್ನೊಂದನ್ನು ಹಾಕಿ. ಎಸ್ಟರ್‌ಬ್ರೂಕ್ ಜೆ, ಪಾರ್ಕರ್ 45 ಇಂಥವುಗಳಲ್ಲಿ ನಿಬ್ಬು ತಿರುಗಿಸಿದರೆ ಬರುತ್ತದೆ.

ನಿಬ್ಬಿಗೆ ಏನೂ ಆಗಿಲ್ಲ. ಆದರೂ ನನ್ನ ಕೈಯಲ್ಲಿ ಗೀರುತ್ತದೆ.

ವರ್ಷಗಟ್ಟಲೆ ಒಬ್ಬರೇ ಬರೆದ ನಿಬ್ಬಿನ ಗುಂಡು ಅವರು ಪೆನ್ ಹಿಡಿಯುತ್ತಿದ್ದ ಕೋನಕ್ಕೆ ಸವೆದು ಒಂದು ಸಪಾಟು ಮುಖ ಪಡೆದಿರುತ್ತದೆ. ನೀವು ಬೇರೆ ಕೋನದಲ್ಲಿ ಹಿಡಿದಾಗ ಆ ಮುಖದ ಅಂಚು ಕಾಗದಕ್ಕೆ ತಾಗುತ್ತದೆ. ಪೆನ್ನನ್ನು ಬೆರಳುಗಳ ನಡುವೆ ಸ್ವಲ್ಪ ಹೊರಳಿಸಿ, ಸ್ವಲ್ಪ ಹೆಚ್ಚು ವಾಲಿಸಿ ಬರೆದು ನೋಡಿ. ಎಲ್ಲೋ ಒಂದು ಕಡೆ ಅದು ಬೆಣ್ಣೆಯಂತೆ ಜಾರುತ್ತದೆ, ಅದೇ ಅವರ ಹಿಡಿತ. ಆ ಹಿಡಿತಕ್ಕೆ ನೀವು ಹೊಂದಿಕೊಳ್ಳಬಹುದು, ಇಲ್ಲವೇ 12000 ಗ್ರಿಟ್‌ನ ಮೈಕ್ರೋಮೆಶ್ ಎಂಬ ಅತಿ ನಯವಾದ ಉಜ್ಜುಹಾಳೆಯ ಮೇಲೆ ಎಂಟರ ಆಕಾರದಲ್ಲಿ ಹತ್ತು ಸುತ್ತು ಹಾಕಿ ಅಂಚನ್ನು ನಯಗೊಳಿಸಬಹುದು. ಎರಡನೆಯದನ್ನು ಮಾಡಿದರೆ ಹಿಂದಿರುಗುವ ದಾರಿಯಿಲ್ಲ. ಒಂದು ತಿಂಗಳು ಮೊದಲನೆಯದನ್ನೇ ಪ್ರಯತ್ನಿಸಿ ಎಂಬುದು ನಮ್ಮ ಸಲಹೆ.

ಬ್ಯಾರೆಲ್ ಬಿರಿದಿದೆ. ಸೂಪರ್ ಗ್ಲೂ ಹಾಕಲೇ?

ಬೇಡ. ಒಣಗಿದ ಮೇಲೆ ಅದು ಸೆಟೆದುಕೊಂಡು ಮುಂದಿನ ಬಿಗಿತಕ್ಕೇ ಬಿಡುತ್ತದೆ, ಸುತ್ತ ಬಿಳಿ ಮಂಜು ಕೂರುತ್ತದೆ, ಆಮೇಲೆ ಸರಿಯಾದ ರಿಪೇರಿಗೂ ಅಡ್ಡ ಬರುತ್ತದೆ. ಸೆಲ್ಯುಲಾಯ್ಡ್ ಮತ್ತು ಅಕ್ರಿಲಿಕ್ ಬಿರುಕುಗಳನ್ನು ಆಯಾ ವಸ್ತುವನ್ನೇ ಕರಗಿಸುವ ದ್ರಾವಕದಿಂದ ಬೆಸೆಯುತ್ತಾರೆ, ದಿನಗಟ್ಟಲೆ ಆರಲು ಬಿಟ್ಟು ನಂತರ ಉಜ್ಜಿ ಹೊಳಪು ಕೊಡುತ್ತಾರೆ. ಎಬೊನೈಟ್ ಕರಗುವುದಿಲ್ಲ, ಅದಕ್ಕೆ ಎಪಾಕ್ಸಿ.

ಒಂದು ಸ್ಥಿತಿಗೆ ಮಾತ್ರ ಮದ್ದಿಲ್ಲ. ಸೆಲ್ಯುಲಾಯ್ಡ್ ಒಳಗಿನಿಂದಲೇ ಜಾಲಿಯಂತೆ ಬಿರಿಯುತ್ತಾ, ಅಂಟಂಟಾಗಿ, ಹುಳಿ ವಾಸನೆ ಹೊಡೆಯುತ್ತಿದ್ದರೆ ವಸ್ತುವೇ ಕೊಳೆಯುತ್ತಿದೆ. ಬೆಸೆದರೂ ಪಕ್ಕದಲ್ಲಿ ಬಿರಿಯುತ್ತದೆ.

ಮೈ ಹೋಗಿದೆ, ನಿಬ್ಬು ಚೆನ್ನಾಗಿದೆ. ಏನು ಮಾಡಬಹುದು?

ಅದೇ ಮಾದರಿಯ ಇನ್ನೊಂದು ಹಳೆಯ ಪೆನ್ ಕೊಂಡು ಅದರ ಮೈಗೆ ನಿಮ್ಮ ನಿಬ್ಬು ಹಾಕಿಸಿ. ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಬರೆಯುವಾಗ ಕೈಗೆ ಸಿಗುವುದು ನಿಬ್ಬಿನ ಅನುಭವ ತಾನೇ. ಕೊಳ್ಳುವ ಪೆನ್ನಿನ ನಿಬ್ಬು ಕೆಟ್ಟಿದ್ದರೂ ನಡೆಯುತ್ತದೆ, ಅಂಥವು ಸುಲಭವಾಗಿ ಸಿಗುತ್ತವೆ. ನಿಬ್ಬಿನ ಜೊತೆ ಅದರ ಕೆಳಗಿನ ನಾಲಿಗೆಯನ್ನೂ ಸಾಗಿಸಿ. ಎರಡೂ ಒಟ್ಟಿಗೆ ಹೊಂದಿಕೊಂಡಿರುತ್ತವೆ, ನಡುವೆ ಸಂದು ಬಿದ್ದರೆ ಶಾಯಿ ಹರಿಯುವುದಿಲ್ಲ. ಎಬೊನೈಟ್ ನಾಲಿಗೆಯಾದರೆ ಬಿಸಿನೀರಲ್ಲಿ ಅದ್ದಿ ನಿಬ್ಬಿಗೆ ಒತ್ತಿ ಹಿಡಿದು ಆರಿಸಿದರೆ ಮತ್ತೆ ಕೂರುತ್ತದೆ.

ಹೆಸರು ಕೆತ್ತಿದ ಬ್ಯಾರೆಲ್ ಚೆನ್ನಾಗಿದ್ದು ಮುಚ್ಚಳವೋ ಹಿಡಿಯೋ ಹೋಗಿದ್ದರೆ ಲೆಕ್ಕ ತಿರುಗುಮುರುಗು: ಬ್ಯಾರೆಲ್ ಉಳಿಸಿ, ಉಳಿದದ್ದು ತನ್ನಿ.

ಅಂಥ ಇನ್ನೊಂದು ಪೆನ್ ಕೊಳ್ಳುವಾಗ ಮಾರುವವರನ್ನು ಏನು ಕೇಳಬೇಕು?

ನಿಬ್ಬಿನ ಮೇಲಿನಿಂದ, ಬದಿಯಿಂದ, ಎದುರಿನಿಂದ ಮೂರು ಫೋಟೋ. ಮುಚ್ಚಳದ ಅಂಚಿನ ಫೋಟೋ. ಮುಚ್ಚಿದಾಗಿನ ಉದ್ದ, ಬ್ಯಾರೆಲ್‌ನ ದಪ್ಪ, ವರ್ನಿಯರ್‌ನಲ್ಲಿ 0.1 ಮಿಲಿಮೀಟರ್‌ವರೆಗೆ. ಟ್ಯೂಬ್ ಅಥವಾ ಸೀಲ್ ಬದಲಿಸಿದ್ದಾರೆಯೇ? 'ಬಳಸದೇ ಇಟ್ಟ ಹಳೆಯ ಸ್ಟಾಕ್' ಎಂಬ ಮಾತಿಗೆ ಮರುಳಾಗಬೇಡಿ, ಡಬ್ಬಿಯಲ್ಲೇ ಇದ್ದರೂ ರಬ್ಬರ್ ವಯಸ್ಸಾಗಿ ಕಲ್ಲಾಗುತ್ತದೆ. 'ನೀರಿನಲ್ಲಿ ಪರೀಕ್ಷಿಸಿದೆ' ಎಂದರೆ ನೀರು ಹೀರಿತೋ, ಹೀರಿದ್ದನ್ನು ಹಿಡಿದಿಟ್ಟುಕೊಂಡಿತೋ ಎಂದು ಬಿಡಿಸಿ ಕೇಳಿ.

ಮುಚ್ಚಳ ಮಾತ್ರ ಕಳೆದಿದೆ.

ಅದೇ ಮಾದರಿ, ಅದೇ ಅಳತೆ, ಸಾಧ್ಯವಾದರೆ ಅದೇ ಕಾಲದ್ದು. ಮುಚ್ಚಳ ಬಿಗಿಯಾಗಿ ಮುಚ್ಚದಿದ್ದರೆ ನಿಬ್ಬು ಒಂದೇ ರಾತ್ರಿಯಲ್ಲಿ ಒಣಗುತ್ತದೆ. ಮುಚ್ಚಳದೊಳಗೆ ಇನ್ನೊಂದು ಒಳಮುಚ್ಚಳ ಇರುತ್ತದೆ, ಕೊಳ್ಳುವಾಗ ಅದೂ ಇದೆಯೇ ಕೇಳಿ.

ಹಳೆಯದರ ಗೊಡವೆ ಬೇಡ, ಅದರಂತೆಯೇ ಬರೆಯುವ ಹೊಸ ಪೆನ್ ಬೇಕು.

ರೂಪ ನೋಡಿ ಕೊಂಡರೆ ನಿರಾಸೆ ಖಚಿತ. ಹಳೆಯದರ ನಾಲ್ಕು ಸಂಗತಿ ಅಳೆಯಿರಿ: ಗೆರೆಯ ಅಗಲ, ಹಿಡಿಯ ದಪ್ಪ, ತೂಕ, ಒತ್ತಿದಾಗ ನಿಬ್ಬು ಎಷ್ಟು ಬಿಚ್ಚುತ್ತದೆ. ಇವಕ್ಕೆ ಹೊಂದುವುದನ್ನು ಹುಡುಕಿ. ಜಪಾನಿನ 'ಫೈನ್' ಯುರೋಪಿನ 'ಫೈನ್'ಗಿಂತ ಸಾಮಾನ್ಯವಾಗಿ ಸಣ್ಣ. ಪಾರ್ಕರ್ ಇತ್ತೀಚೆಗೆ ಮತ್ತೆ ತಂದ 51 ಹೊರಗಿನಿಂದ ಹಳೆಯದರಂತೆ ಕಂಡರೂ ಮುಚ್ಚಳ ತಿರುಗಿಸಿ ಹಾಕುವಂಥದ್ದು, ಶಾಯಿಗೆ ಕಾರ್ಟ್ರಿಜ್ (ಶಾಯಿ ತುಂಬಿಸಿಟ್ಟ ಕೊಳವೆ) ಅಥವಾ ಕನ್ವರ್ಟರ್ (ಬಾಟಲಿಯಿಂದ ಶಾಯಿ ಹೀರುವ ಬಿಡಿ ಕೊಳವೆ). ಹಳೆಯದರ ಮುಚ್ಚಳ ಒತ್ತಿದರೆ ಕೂರುತ್ತಿತ್ತು. 1966ರಿಂದ ಬರುತ್ತಿರುವ ಲಾಮಿ 2000 ಮುಸುಕಿನ ನಿಬ್ಬು, ಪಿಸ್ಟನ್ ಎರಡೂ ಇರುವ ಪೆನ್. 51ರ ಅಭ್ಯಾಸವಿದ್ದವರು ಇದನ್ನೂ ಹಿಡಿದು ನೋಡಲಿ. ಹಳೆಯ ಪೆಲಿಕನ್ 400 ಇಷ್ಟಪಟ್ಟವರಿಗೆ ಅದೇ ಕಂಪನಿಯ ಎಂ400 ಹತ್ತಿರ.

ಹೊಳಪು ಕೊಡಲೇ? ಹಲ್ಲಿನ ಗುರುತುಗಳಿವೆ.

ಮೆತ್ತನೆಯ ಒಣಬಟ್ಟೆ ಸಾಕು. ಪಾಲಿಶ್ ಎಂದರೆ ಮೇಲ್ಮೈಯನ್ನು ಕೆರೆಯುವುದೇ, ಸವೆದ ಹೆಸರು ಮತ್ತು ಕಂಪನಿಯ ಮುದ್ರೆ ಮೊದಲು ಹೋಗುತ್ತವೆ. ಚಿನ್ನದ ಲೇಪವೂ ಹಾಗೆ. ಎಬೊನೈಟ್ ಮೇಲಿನ ಹಲ್ಲಿನ ಗುರುತು ಬಿಸಿಗಾಳಿಗೆ ಮೇಲೆದ್ದು ಬಹುಮಟ್ಟಿಗೆ ಅಳಿಯುತ್ತದೆ. ಅಳಿಸಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು.

ರಿಪೇರಿಯವರಿಗೆ ಕೊಡುವಾಗ ಏನು ಹೇಳಬೇಕು?

ಬರೆದೇ ಕೊಡಿ. 'ನಿಬ್ಬಿನ ತುದಿ ಉಜ್ಜಬಾರದು, ಪಾಲಿಶ್ ಬೇಡ, ಬದಲಿಸಿದ ಪ್ರತಿಯೊಂದು ಹಳೆಯ ಭಾಗವೂ ವಾಪಸ್ ಬೇಕು, ಯಾವ ಭಾಗ ಬದಲಿಸುವ ಮೊದಲೂ ಕೇಳಬೇಕು.' ಕೊಡುವ ಮುನ್ನ ಪ್ರತಿ ಬದಿಯ ಫೋಟೋ ತೆಗೆಯಿರಿ. ಅಂಚೆಯಲ್ಲಿ ಕಳಿಸುವುದಾದರೆ ಶಾಯಿ ಪೂರ್ತಿ ಖಾಲಿ ಮಾಡಿ, ಪೆನ್ ಅಲುಗಾಡದಂತೆ ಸುತ್ತಿ ಗಟ್ಟಿ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ. ಬರಿಯ ಲಕೋಟೆ ಯಂತ್ರದಲ್ಲಿ ಸಿಕ್ಕಿ ಪೆನ್ನನ್ನು ಮುರಿಯುತ್ತದೆ.

ಸರಿಯಾದ ಮೇಲೆ ಯಾವ ಶಾಯಿ ಹಾಕಬೇಕು?

ಹೆಸರಾಂತ ಕಂಪನಿಯ ತೊಳೆದುಹೋಗುವ ನೀಲಿ. ಇಂಡಿಯನ್ ಇಂಕ್ ಎಂಬ ಚಿತ್ರಕಾರರ ಕಪ್ಪು ಮಸಿ ಹಾಕಿದರೆ ಒಳಗೇ ಗಟ್ಟಿಯಾಗುತ್ತದೆ. ಮಿನುಗುಪುಡಿಯವು ಸಣ್ಣ ಸಂದಿಗಳಲ್ಲಿ ಕೂರುತ್ತವೆ. ತೀರಾ ಗಾಢ ವರ್ಣದ ಕೆಲವು ಶಾಯಿಗಳು ಲೇಟೆಕ್ಸ್ ಟ್ಯೂಬನ್ನು ಮೆತ್ತಗೆ ಮಾಡಿ ಅಂಟಾಗಿಸುತ್ತವೆ. ತಿಂಗಳಿಗೊಮ್ಮೆ ನೀರಲ್ಲಿ ತೊಳೆಯಿರಿ, ಎರಡು ವಾರ ಬರೆಯುವುದಿಲ್ಲ ಎಂದಾದರೆ ಖಾಲಿ ಮಾಡಿ ಇಡಿ.

ತೆಗೆದ ಹಳೆಯ ಭಾಗಗಳನ್ನು ಎಸೆಯಬಹುದೇ?

ಕಲ್ಲಾದ ಟ್ಯೂಬ್ ಎಸೆಯಿರಿ. ನಿಬ್ಬು, ಕ್ಲಿಪ್, ಬಳೆ, ಬಿರಿದ ಮುಚ್ಚಳ ಇಟ್ಟುಕೊಳ್ಳಿ. ಮುಂದೆ ಬೇರೆ ರಿಪೇರಿಗೆ ಅವೇ ಬಿಡಿಭಾಗ. ಸೆಲ್ಯುಲಾಯ್ಡ್ ಚೂರುಗಳನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಡಿ. ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದ ಲೋಹಕ್ಕೆ ತುಕ್ಕು ಹಿಡಿಸಿ, ಚೆನ್ನಾಗಿರುವ ಸೆಲ್ಯುಲಾಯ್ಡನ್ನೂ ಕೆಡಿಸುತ್ತದೆ. ಕಾಗದದ ಲಕೋಟೆಯಲ್ಲಿ, ಬಿಸಿಲು ಬೀಳದ ಕಡೆ, ಉಳಿದ ಪೆನ್ನುಗಳಿಂದ ದೂರವಿಡಿ.